ಬ್ಯಾಟರಿ ಸತ್ತ ಮೇಲೆ



ಮಳೆಗಾಲ ಮುಗಿದು ತೋಟದ ದಾರಿಗಳು ಒಣಗುತ್ತಿದ್ದಂತೆ ಮಲೆನಾಡಿನ ಊರುಗಳಿಗೆ ಗುಜರಿಯವರ ಗಾಡಿ ಬರುತ್ತದೆ. ಅಟ್ಟದ ಮೇಲಿನ ತಗಡು, ಕೊಟ್ಟಿಗೆಯ ಮೂಲೆಯ ಹರಿದ ಪೈಪು, ತೂತು ಬಿದ್ದ ಹಂಡೆ ಎಲ್ಲವೂ ತಕ್ಕಡಿ ಏರುತ್ತವೆ. ಇವುಗಳ ನಡುವೆ ಅತಿ ಹೆಚ್ಚು ಬೆಲೆ ಸಿಗುವುದು ಸತ್ತ ಬ್ಯಾಟರಿಗೆ. ಕರೆಂಟು ಕೈಕೊಡುವ ಊರುಗಳಲ್ಲಿ ಸೋಲಾರ್ ದೀಪವೂ ಇನ್ವರ್ಟರೂ ಮನೆಮನೆಗೆ ಬಂದಿವೆ. ಅವುಗಳ ಬ್ಯಾಟರಿಗಳು ನಾಲ್ಕೈದು ವರ್ಷಕ್ಕೊಮ್ಮೆ ಸಾಯುತ್ತವೆ. ಐವತ್ತು-ಅರವತ್ತು ಕಿಲೋ ತೂಗುವ ಆ ಪೆಟ್ಟಿಗೆಯನ್ನು ಇಬ್ಬರು ಹೊತ್ತು ಗಾಡಿಗೇರಿಸಿದರೆ ಮನೆಯವರ ಪಾಲಿಗೆ ಅದರ ಕಥೆ ಮುಗಿಯಿತು. ವಾಸ್ತವದಲ್ಲಿ ಕಥೆಯ ಕಠಿಣ ಭಾಗ ಆರಂಭವಾಗುವುದು ಅಲ್ಲಿಂದಲೇ. ವಿದ್ಯುತ್ ವಾಹನಗಳ ಬಗೆಗಿನ ಚರ್ಚೆಯನ್ನೂ ಇಲ್ಲಿಂದಲೇ ಆರಂಭಿಸುವುದು ಸೂಕ್ತ. ಬ್ಯಾಟರಿಯ ಮರಣೋತ್ತರ ಬದುಕು ಹೇಗಿರುತ್ತದೆಂಬುದಕ್ಕೆ ಸೀಸದ ಬ್ಯಾಟರಿಯೇ ಕಣ್ಣಮುಂದಿನ ಸಾಕ್ಷಿ.

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರೂಪಿಸಿದನು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ. ಉಳಿದದ್ದರಲ್ಲಿ ಬಹುಪಾಲು ಗಂಧಕಾಮ್ಲ ಮತ್ತು ಪ್ಲಾಸ್ಟಿಕ್. ಸೀಸವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಆದ್ದರಿಂದಲೇ ಇದನ್ನು ಜಗತ್ತಿನಲ್ಲಿ ಅತ್ಯಂತ ಯಶಸ್ವಿಯಾಗಿ ಮರುಬಳಕೆಯಾಗುವ ವಸ್ತುಗಳಲ್ಲೊಂದೆಂದು ಉದ್ಯಮವು ಹೊಗಳಿಕೊಳ್ಳುತ್ತದೆ. ಹೊಗಳಿಕೆ ಸುಳ್ಳಲ್ಲ, ಆದರೆ ಅರ್ಧಸತ್ಯ. ಎಷ್ಟು ಸೀಸ ಮರಳಿ ಬಂತೆಂಬ ಲೆಕ್ಕ ಸಿಗುತ್ತದೆ. ಮರಳಿ ಬರುವ ದಾರಿಯಲ್ಲಿ ಯಾರ ರಕ್ತಕ್ಕೆ ಎಷ್ಟು ಸೇರಿತೆಂಬ ಲೆಕ್ಕ ಅದರಲ್ಲಿಲ್ಲ.

ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಹೊರವಲಯದಲ್ಲಿ ತಿಯಾರೋಯ್ ಸುರ್ ಮೇರ್ ಎಂಬ ಬಡವರ ಬಡಾವಣೆಯಿದೆ. ಅಲ್ಲಿಯ ಹೆಂಗಸರು ಹಳೆಯ ಬ್ಯಾಟರಿಗಳ ಅವಶೇಷ ಬಿದ್ದಿದ್ದ ಮರಳನ್ನು ಜಾಲಿಸಿ ಸೀಸ ಆಯುತ್ತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಐದು ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು. ತನಿಖೆ ನಡೆದಾಗ ಬೆಟ್ಟು ತೋರಿದ್ದು ಸೀಸದ ಕಡೆಗೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಪ್ರಕಾರ ಜಗತ್ತಿನ ಸುಮಾರು 80 ಕೋಟಿ ಮಕ್ಕಳ, ಎಂದರೆ ಮೂವರಲ್ಲಿ ಒಂದು ಮಗುವಿನ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಭಾರತದ ಪಾಲು ಸುಮಾರು 27.5 ಕೋಟಿ. ಬ್ಯಾಟರಿಗಳನ್ನು ಅವೈಜ್ಞಾನಿಕವಾಗಿ ಒಡೆದು ಕರಗಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ವರದಿ ಗುರುತಿಸಿದೆ. ಮಗುವಿನ ಮಿದುಳಿನ ಬೆಳವಣಿಗೆಗೆ ಹಾನಿಯಾಗದಷ್ಟು ಕಡಿಮೆ ಎಂಬ ಸೀಸದ ಮಟ್ಟವನ್ನು ವೈದ್ಯಶಾಸ್ತ್ರ ಈವರೆಗೆ ಕಂಡುಕೊಂಡಿಲ್ಲ.

ಮಣ್ಣಿನ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಬ್ಯಾಟರಿ ಒಡೆಯುವವರು ಮೊದಲು ಮಾಡುವ ಕೆಲಸ ಒಳಗಿನ ಆಮ್ಲವನ್ನು ನೆಲಕ್ಕೆ ಚೆಲ್ಲುವುದು. ಆ ಆಮ್ಲದಲ್ಲಿ ಸೀಸದ ನುಣ್ಣನೆಯ ಕಣಗಳು ತೇಲುತ್ತಿರುತ್ತವೆ. ಸೀಸವು ಮಣ್ಣಿನ ಸಾವಯವ ಅಂಶ ಮತ್ತು ಜೇಡಿಗೆ ಬಿಗಿಯಾಗಿ ಅಂಟಿಕೊಂಡು ಮೇಲ್ಪದರದಲ್ಲೇ ತಲೆಮಾರುಗಟ್ಟಲೆ ಉಳಿಯುವ ಲೋಹ. ಮಣ್ಣಿನ ರಸಸಾರ ಕೆಳಗಿಳಿದಷ್ಟೂ ಆ ಹಿಡಿತ ಸಡಿಲುತ್ತದೆ. ಮಲೆನಾಡಿನ ಮಣ್ಣು ಮೊದಲೇ ಹುಳಿ. ಧಾರಾಕಾರ ಮಳೆ ಸುಣ್ಣದಂಶವನ್ನು ತೊಳೆದೊಯ್ದಿರುವುದರಿಂದಲೇ ಅಡಿಕೆ ತೋಟಕ್ಕೆ ಸುಣ್ಣ ಹಾಕಬೇಕಾಗುತ್ತದೆ. ಇಂಥ ನೆಲಕ್ಕೆ ಗಂಧಕಾಮ್ಲವೂ ಸೀಸವೂ ಒಟ್ಟಿಗೆ ಬಿದ್ದರೆ ಲೋಹವು ಬೇರಿಗೂ ನೀರಿಗೂ ಸುಲಭವಾಗಿ ಸಿಗುವ ಸ್ಥಿತಿಗೆ ಬರುತ್ತದೆ. ಬಯಲುಸೀಮೆಯ ಸುಣ್ಣಭರಿತ ಕರಿಮಣ್ಣಿಗಿರುವ ತಡೆಯುವ ಶಕ್ತಿ ಈ ಕೆಂಪು ಜಂಬಿಟ್ಟಿಗೆ ಇಲ್ಲ. ಹಿತ್ತಿಲಿನಲ್ಲಿ ಒಂದೇ ಒಂದು ಬ್ಯಾಟರಿ ಒಡೆದರೂ ಆ ಜಾಗದಲ್ಲಿ ಹರಿವೆ, ಬಸಳೆ ಬೆಳೆಯುವುದು ಸಲ್ಲದು.

ಕಾನೂನು ಇರಲಿಲ್ಲವೆಂದಲ್ಲ. 2001ರಲ್ಲೇ ಕೇಂದ್ರ ಸರ್ಕಾರ ಸೀಸದ ಬ್ಯಾಟರಿಗಳ ನಿರ್ವಹಣೆಗೆ ನಿಯಮಗಳನ್ನು ತಂದಿತ್ತು. ಹಳೆಯದನ್ನು ಮಾರಿದವರಿಗೇ ಮರಳಿಸಬೇಕು, ಅವರು ನೋಂದಾಯಿತ ಘಟಕಕ್ಕೆ ಕಳುಹಿಸಬೇಕು ಎಂಬುದು ಅದರ ತಿರುಳು. ಆದರೂ ಗುಜರಿಯ ದಾರಿ ಮುಚ್ಚಲಿಲ್ಲ. ಹೊಗೆ ಶೋಧಿಸುವ ಯಂತ್ರದ ಖರ್ಚಿಲ್ಲದ, ತೆರಿಗೆ ಕಟ್ಟದ ಕುಲುಮೆಯವನು ಹತ್ತು ರೂಪಾಯಿ ಹೆಚ್ಚು ಕೊಡಬಲ್ಲ. ಆ ಹತ್ತು ರೂಪಾಯಿಯ ಮುಂದೆ ನಿಯಮ ಸೋತಿತು.

ಅದೇ 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲೂ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಅದರ ಸೀಟಿನ ಕೆಳಗಿದ್ದದ್ದು ಸೀಸದ ಬ್ಯಾಟರಿಗಳೇ. ಇಂದಿನ ವಿದ್ಯುತ್ ವಾಹನಗಳ ಭರಾಟೆಗೆ ಅದು ಮುನ್ನುಡಿಯಂತಿತ್ತು. ಕೇಂದ್ರದ ಫೇಮ್ ಯೋಜನೆ 2015ರಲ್ಲಿ ಆರಂಭವಾಯಿತು. 2019ರಿಂದ 2024ರ ಮಾರ್ಚ್‌ವರೆಗಿನ ಅದರ ಎರಡನೆಯ ಹಂತಕ್ಕೆ ಮೊದಲಿಗೆ 10,000 ಕೋಟಿ ರೂಪಾಯಿ ತೆಗೆದಿರಿಸಲಾಯಿತು. ಕರ್ನಾಟಕವು 2017ರಲ್ಲಿ, ದೇಶದಲ್ಲೇ ಮೊದಲಿಗೆ, ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. 2024-25ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 20 ಲಕ್ಷ ವಿದ್ಯುತ್ ವಾಹನಗಳು ಮಾರಾಟವಾದವು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕೂಟರುಗಳು. ಕಾರುಗಳು ಒಂದು ಲಕ್ಷದ ಆಸುಪಾಸು ಮಾತ್ರ. ಉತ್ತರ ಭಾರತದ ಪಟ್ಟಣಗಳ ಇ-ರಿಕ್ಷಾಗಳು ಬಹುಕಾಲ ಸೀಸದ ಬ್ಯಾಟರಿಯನ್ನೇ ನೆಚ್ಚಿಕೊಂಡು ಬಂದಿವೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಉಳಿದವುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ವಿಜ್ಞಾನಕ್ಕಾಗಿ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ನೊಬೆಲ್ ಪ್ರಶಸ್ತಿ ಸಂದಿತು. ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿದರೆ ಒಳಗೆ ಸಣ್ಣ ಸಣ್ಣ ಕೋಶಗಳ ಸಾಲು. ಪ್ರತಿ ಕೋಶದಲ್ಲಿ ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಅಲ್ಯೂಮಿನಿಯಂ ಹಾಳೆಯ ಮೇಲೆ ಲಿಥಿಯಂ ಬೆರೆತ ಲೋಹದ ಪುಡಿ, ನಡುವೆ ತೆಳು ಪ್ಲಾಸ್ಟಿಕ್ ಪರದೆ, ಎಲ್ಲವನ್ನೂ ನೆನೆಸಿರುವ ದ್ರಾವಣ. ಆ ಲೋಹದ ಪುಡಿ ಎರಡು ಬಗೆಯದು. ಒಂದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್. ಇನ್ನೊಂದರಲ್ಲಿ ಕಬ್ಬಿಣ ಮತ್ತು ರಂಜಕ. ಈ ವ್ಯತ್ಯಾಸವನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಜಗತ್ತಿನ ಕೋಬಾಲ್ಟಿನ ಹೆಚ್ಚಿನ ಪಾಲು ಬರುವುದು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಕೋಲ್ವೇಜಿಯ ಸುತ್ತ ಬರಿಗೈಯಲ್ಲಿ ಬಿಲ ತೋಡುವವರ ನಡುವೆ ಮಕ್ಕಳೂ ಇದ್ದುದು ದಾಖಲಾಗಿದೆ. ಲಿಥಿಯಂ ಬರುವುದು ಆಸ್ಟ್ರೇಲಿಯದ ಬಂಡೆಗಳಿಂದ ಮತ್ತು ಚಿಲಿಯ ಅಟಕಾಮ ಮರುಭೂಮಿಯ ಉಪ್ಪುನೀರಿನಿಂದ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಭಾಗದಲ್ಲಿ ಲಿಥಿಯಂ ಸಿಕ್ಕಿತೆಂದು ಕೆಲವು ವರ್ಷಗಳ ಹಿಂದೆ ದೊಡ್ಡ ಸಂಭ್ರಮವಾಯಿತು. ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು 1,600 ಟನ್ನು. ಒಂದು ಯೂನಿಟ್ ವಿದ್ಯುತ್ ಹಿಡಿದಿಡುವ ಬ್ಯಾಟರಿಗೆ ಸುಮಾರು 100 ಗ್ರಾಂ ಲಿಥಿಯಂ ಬೇಕು. ಮೂರು ಯೂನಿಟ್ಟಿನ ಸ್ಕೂಟರಿಗೆ 300 ಗ್ರಾಂ. ಮಂಡ್ಯದ ಬಂಡೆಯಿಂದ ಒಂದು ಚೂರೂ ವ್ಯರ್ಥವಾಗದೆ ಲೋಹ ಹೊರಬಂದರೂ ಐವತ್ತು ಲಕ್ಷ ಸ್ಕೂಟರುಗಳಿಗೆ ಸಾಕಾದೀತು. ಇಂದಿನ ಮಾರಾಟದ ವೇಗದಲ್ಲಿ ಅದು ನಾಲ್ಕೈದು ವರ್ಷದ ಬುತ್ತಿ. ಹೊಸ ಗಣಿಗಿಂತ ಹಳೆಯ ಬ್ಯಾಟರಿಯೇ ಈ ದೇಶದ ದೊಡ್ಡ ಲಿಥಿಯಂ ನಿಕ್ಷೇಪವಾಗಬಲ್ಲದು ಎಂಬ ಮಾತಿಗೆ ಆಧಾರ ಇದು.

ಹಾಗಾದರೆ ವಾಹನದ ಬ್ಯಾಟರಿ ಸಾಯುವುದು ಯಾವಾಗ? ಸಾಮರ್ಥ್ಯ ಶೇಕಡಾ 70-80ಕ್ಕೆ ಇಳಿದಾಗ ಅದು ವಾಹನಕ್ಕೆ ಒಗ್ಗುವುದಿಲ್ಲ. ಉಳುಮೆಗಾಗದ ಎತ್ತು ಗಾಣಕ್ಕಾದರೂ ಆಗುವಂತೆ, ಅದು ಒಂದೆಡೆ ಕುಳಿತು ಕೆಲಸ ಮಾಡಬಲ್ಲದು. 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲ್ಚೆಂಡಿನ ಕ್ರೀಡಾಂಗಣವೊಂದರಲ್ಲಿ ನಿಸ್ಸಾನ್ ಲೀಫ್ ಕಾರುಗಳ 148 ಬ್ಯಾಟರಿಗಳನ್ನು, ಹೊಸದು ಹಳೆಯದು ಬೆರೆಸಿ, ವಿದ್ಯುತ್ ಸಂಗ್ರಹಕ್ಕೆ ಜೋಡಿಸಲಾಯಿತು. ಸೂರ್ಯ ಮುಳುಗಿದ ಮೇಲೆ ಹಳ್ಳಿಯ ಶಾಲೆಗೆ, ಹಾಲಿನ ಡೇರಿಗೆ ಇಂಥ ಬ್ಯಾಟರಿ ಒಳ್ಳೆಯ ಆಸರೆ.

ಇಲ್ಲಿ ಶರಾವತಿಯ ಮಾತು ಬಾರದಿರದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ವಿದ್ಯುತ್ತನ್ನು ಸಂಗ್ರಹಿಸಿಡುವುದೇ ಅದರ ಉದ್ದೇಶ. ಹಳೆಯ ಬ್ಯಾಟರಿಗಳಿದ್ದರೆ ಅದು ಬೇಕಿಲ್ಲ ಎಂದು ಕೆಲವು ಯುವಕರು ವಾದಿಸುತ್ತಾರೆ. ಲೆಕ್ಕ ಹಾಕೋಣ. ಆ ಯೋಜನೆ ದಿನಕ್ಕೆ ಆರು ಗಂಟೆ ನಡೆದರೆ ಹೊರಬರುವುದು 120 ಲಕ್ಷ ಯೂನಿಟ್. ಬಳಸಿ ಬಿಟ್ಟ ಸ್ಕೂಟರ್ ಬ್ಯಾಟರಿ ಎರಡು ಯೂನಿಟ್ ಹಿಡಿಯುತ್ತದೆಂದರೆ 60 ಲಕ್ಷ ಬ್ಯಾಟರಿಗಳು ಬೇಕು; ಅದೂ ಒಂದೊಂದನ್ನೂ ಪರೀಕ್ಷಿಸಿ, ಹೊಂದುವವನ್ನು ಜೋಡಿಸಿ. ಇಂದು ಅಷ್ಟು ಹಳೆಯ ಬ್ಯಾಟರಿಗಳು ಎಲ್ಲೂ ಇಲ್ಲ. ಕಣಿವೆಯ ಕಾಡನ್ನು ಉಳಿಸಿಕೊಳ್ಳಲು ಬಲವಾದ ಕಾರಣಗಳು ಬೇರೆಯೇ ಇವೆ. ತಪ್ಪು ಲೆಕ್ಕ ಸರಿಯಾದ ಹೋರಾಟವನ್ನು ದುರ್ಬಲಗೊಳಿಸುತ್ತದೆ. ಹೊಸ ಬ್ಯಾಟರಿಗಳ ಸಂಗ್ರಹಾಗಾರದ ವೆಚ್ಚವನ್ನು ಆ ಯೋಜನೆಯ ವೆಚ್ಚದೊಡನೆ ಹೋಲಿಸಿ ನೋಡಿ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಎರಡನೆಯ ಬದುಕೂ ಮುಗಿದ ಮೇಲೆ ಉಳಿಯುವುದು ಮರುಬಳಕೆ. ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತನ್ನು ಬಸಿದು, ಬಿಚ್ಚಿ, ಪುಡಿಮಾಡಿದರೆ ತಾಮ್ರ, ಅಲ್ಯೂಮಿನಿಯಂ ಬೇರೆಯಾಗಿ ಕಪ್ಪು ಹುಡಿಯೊಂದು ಉಳಿಯುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಹಿಂಪಡೆಯುತ್ತಾರೆ. ಕುಲುಮೆಯಲ್ಲಿ ಸುಟ್ಟರೆ ಕೋಬಾಲ್ಟ್, ನಿಕ್ಕಲ್ ಸಿಗುತ್ತವೆ, ಲಿಥಿಯಂ ಮಾತ್ರ ಕಿಟ್ಟದೊಡನೆ ಹೋಗುತ್ತದೆ. ರೂರ್ಕಿ, ನೋಯ್ಡಾ ಮುಂತಾದೆಡೆ ಇಂಥ ಘಟಕಗಳು ತಲೆಯೆತ್ತಿವೆ. ತೊಡಕಿರುವುದು ಆರ್ಥಿಕತೆಯಲ್ಲಿ. ಮರುಬಳಕೆಯ ಲಾಭವೆಲ್ಲ ಬಹುಕಾಲ ನಿಂತಿದ್ದು ಕೋಬಾಲ್ಟ್ ಮತ್ತು ನಿಕ್ಕಲ್‌ಗಳ ಬೆಲೆಯ ಮೇಲೆ. ಕಬ್ಬಿಣ-ರಂಜಕದ ಬ್ಯಾಟರಿ ಬೆಂಕಿಗೆ ಅಷ್ಟು ಬೇಗ ಬಲಿಯಾಗುವುದಿಲ್ಲ, ಅಗ್ಗ, ದೀರ್ಘಾಯುಷಿ, ಕಾಂಗೋದ ಮಕ್ಕಳ ಋಣವೂ ಅದಕ್ಕಿಲ್ಲ. ಆದ್ದರಿಂದ ಬಸ್ಸುಗಳಲ್ಲೂ ಹಲವು ಕಾರುಗಳಲ್ಲೂ ಅದೇ ಹೆಚ್ಚುತ್ತಿದೆ. ಆದರೆ ಅದರ ಹೆಣಕ್ಕೆ ಬೆಲೆಯಿಲ್ಲ. ಸೀಸಕ್ಕಾದರೆ ಗುಜರಿಯವನು ಮನೆಬಾಗಿಲಿಗೆ ಬಂದು ಹಣ ಕೊಡುತ್ತಾನೆ. ಇದನ್ನು ಒಯ್ಯಲು ಹಣ ಕೊಡಬೇಕಾಗಿ ಬಂದರೆ ಅದು ಹಳ್ಳಕ್ಕೆ ಬೀಳುತ್ತದೆ.

ಈ ಅಂತರವನ್ನು ತುಂಬಬೇಕಾದದ್ದು 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ತಯಾರಕರೇ ಹಳೆಯ ಬ್ಯಾಟರಿಗೆ ಹೊಣೆ. ವಿದ್ಯುತ್ ವಾಹನದ ಬ್ಯಾಟರಿಯಿಂದ 2024-25ರಲ್ಲಿ ಶೇಕಡಾ 70, 2026-27ರಿಂದ ಶೇಕಡಾ 90ರಷ್ಟು ವಸ್ತುವನ್ನು ಹಿಂಪಡೆಯಬೇಕು. 2027-28ರಿಂದ ಹೊಸ ಬ್ಯಾಟರಿಯಲ್ಲಿ ಶೇಕಡಾ 5ರಷ್ಟಾದರೂ ಮರುಬಳಕೆಯ ವಸ್ತುವಿರಬೇಕು. ಕಾಗದದ ಮೇಲೆ ಉತ್ತಮ ನಿಯಮ. ಆದರೆ ತಯಾರಕರು ತಾವೇ ಸಂಗ್ರಹಿಸದೆ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬಹುದು. ಪ್ಲಾಸ್ಟಿಕ್‌ಗೆ ಇದೇ ಪದ್ಧತಿ ಇತ್ತು. 2023ರಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಯುರೋಪಿನ 2023ರ ಕಾನೂನು ಲಿಥಿಯಂಗೇ ಪ್ರತ್ಯೇಕ ಗುರಿಯಿಟ್ಟಿದೆ: 2027ರ ಕೊನೆಗೆ ಶೇಕಡಾ 50, 2031ರ ಕೊನೆಗೆ ಶೇಕಡಾ 80. ಜೊತೆಗೆ, 2027ರ ಫೆಬ್ರವರಿಯಿಂದ ಅಲ್ಲಿ ವಾಹನದ ಪ್ರತಿ ಬ್ಯಾಟರಿಗೂ ಹುಟ್ಟಿನಿಂದ ಸಾವಿನವರೆಗಿನ ವಿವರ ಹೇಳುವ ರಹದಾರಿ ಇರಬೇಕು.

ಘಟ್ಟದ ಊರುಗಳಿಗೆ ಸ್ಕೂಟರುಗಳು ಬರತೊಡಗಿವೆ; ಅವುಗಳ ಬ್ಯಾಟರಿಗಳು ಸಾಯಲು ಇನ್ನೂ ಕೆಲವು ವರ್ಷಗಳಿವೆ. ಈ ಬಿಡುವಿನಲ್ಲಿ ಮಾಡಬಹುದಾದ ಕೆಲಸ ಕೆಲವುಂಟು. ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬಾರದು, ಗುದ್ದಬಾರದು, ಸುಡಬಾರದು. ಒಳಗಿನ ದ್ರಾವಣ ತೇವ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ಘೋರ ವಿಷಾನಿಲ ಹೊರಡುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಉಬ್ಬಿದ ಬ್ಯಾಟರಿಯನ್ನು ಮನೆಯಿಂದ, ಹುಲ್ಲಿನ ಬಣವೆಯಿಂದ ದೂರ, ಮಳೆ ತಾಗದ ಕಡೆ ಇಡಬೇಕು. ವಾಹನ ಕೊಳ್ಳುವ ದಿನವೇ, ಹಳೆಯ ಬ್ಯಾಟರಿಯನ್ನು ಎಲ್ಲಿ, ಯಾರು ಹಿಂಪಡೆಯುತ್ತಾರೆಂದು ಮಾರಾಟಗಾರರಿಂದ ಬರೆಸಿಕೊಳ್ಳಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಪಂಚಾಯಿತಿಯಲ್ಲಿ ಎಷ್ಟು ಇನ್ವರ್ಟರ್, ಎಷ್ಟು ಸೋಲಾರ್, ಎಷ್ಟು ವಾಹನದ ಬ್ಯಾಟರಿಗಳಿವೆ, ಸತ್ತವು ಎಲ್ಲಿಗೆ ಹೋದವು ಎಂದು ಮನೆಮನೆಗೆ ಹೋಗಿ ಪಟ್ಟಿಮಾಡಲಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯಿತಿಯ ಕಸ ವಿಲೇವಾರಿ ಘಟಕದಲ್ಲಿ ಬ್ಯಾಟರಿಗೆಂದು ಸೋರದ, ಬೀಗವಿರುವ ಒಂದು ಕೋಣೆ ಕೇಳಬಹುದು.