ಮರಡಿಹಳ್ಳಿಯ ದಿಂಬುಗಲ್ಲು ಮತ್ತು ಜ್ವಾಲಾಮುಖಿಯ ಬಗೆಗಳು

(ಜವನಗೊಂಡನಹಳ್ಳಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನ್ನದು ಭಾಷೆ ಕಲಿಸುವ ಕೆಲಸ. ಆದ್ದರಿಂದ ಪದದಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ ‘ಜ್ವಾಲಾಮುಖಿ’ ಎನ್ನುತ್ತೇವೆ. ಉರ್ದುವಿನಲ್ಲಿ ‘ಆತಿಶ್ ಫಿಶಾಂ’, ಅಂದರೆ ಬೆಂಕಿ ಎರಚುವಂಥದ್ದು. ಯಾವ ಪದ ಹೇಳಿದರೂ ಮಕ್ಕಳು ಬರೆಯುವ ಚಿತ್ರ ಒಂದೇ: ತುದಿಯಲ್ಲಿ ಬೆಂಕಿ ಕಾರುವ ಚೂಪು ಬೆಟ್ಟ. ಆದರೆ ನಮ್ಮ ಹಿರಿಯೂರು ತಾಲ್ಲೂಕಿನಲ್ಲೇ, ಐಮಂಗಲದ ಸಮೀಪ ಮರಡಿಹಳ್ಳಿಯಲ್ಲಿರುವ ಲಾವಾ ಶಿಲೆ ಈ ಚಿತ್ರಕ್ಕೆ ಹೊಂದುವುದಿಲ್ಲ. ಅದು ನೀರಿನ ಅಡಿಯಲ್ಲಿ ಉಕ್ಕಿದ್ದು.

ನೆಲದೊಳಗಿನ ಶಿಲಾಪಾಕದಲ್ಲಿ ನೀರಾವಿಯೂ ಬೇರೆ ಅನಿಲಗಳೂ ಬೆರೆತಿರುತ್ತವೆ. ಪಾಕ ತೆಳುವೋ ಅಂಟೋ ಎಂಬುದರ ಮೇಲೆ ಸ್ಫೋಟದ ಬಗೆ ನಿಂತಿದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ, ನಮ್ಮ ಅಡುಗೆಮನೆ ಸಾಕು. ಕುದಿಯುವ ಅಂಬಲಿಯಲ್ಲಿ ಗುಳ್ಳೆ ಸುಮ್ಮನೆ ಒಡೆಯುತ್ತದೆ. ಮುದ್ದೆಯ ಹಿಟ್ಟು ಗಟ್ಟಿಯಾಗುತ್ತಾ ಬಂದಾಗ ಅದೇ ಗುಳ್ಳೆ ಸಿಡಿದು ಕೈ ಸುಡುತ್ತದೆ. ಶಿಲಾಪಾಕದಲ್ಲಿ ಸಿಲಿಕಾ ಹೆಚ್ಚಿದಷ್ಟೂ ಅಂಟು ಹೆಚ್ಚು.

ಹವಾಯಿ ದ್ವೀಪಗಳಲ್ಲಿ ಪಾಕ ಅಂಬಲಿಯಂತೆ ತೆಳು, ಹೊಳೆಯಾಗಿ ಹರಿಯುತ್ತದೆ. ಬೆಳಗಾವಿ, ಬೀದರ್ ಕಡೆಯ ಕಪ್ಪು ಶಿಲೆಯೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹೀಗೆಯೇ ಹರಿದು ಹರಡಿದ್ದು. ಇಟಲಿಯ ಸ್ಟ್ರಾಂಬೋಲಿ ಬಿಟ್ಟು ಬಿಟ್ಟು ಕೆಂಡ ಚಿಮ್ಮುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ, ಭಾರತದ ಜೀವಂತ ಜ್ವಾಲಾಮುಖಿ, ದೀರ್ಘಕಾಲ ಸುಮ್ಮನಿದ್ದು 1991ರಲ್ಲಿ ಎದ್ದಾಗ ಈ ರೀತಿಯಲ್ಲೂ ಚಿಮ್ಮಿತು, ಲಾವಾ ಹರಿಸಿ ಕಡಲಿಗೂ ಮುಟ್ಟಿಸಿತು. ಕ್ರಿ.ಶ. 79ರಲ್ಲಿ ಪೊಂಪೈ ನಗರವನ್ನು ಹೂತ ವೆಸೂವಿಯಸ್‌ನದು ಬೂದಿಯ ಕಂಬವನ್ನು ಆಕಾಶಕ್ಕೆ ಎತ್ತುವ ಬಗೆ. ಎಲ್ಲಕ್ಕಿಂತ ಭಯಂಕರವಾದದ್ದು ಮೋಡವೇ ನೆಲ ಹಿಡಿದು ಓಡುವುದು. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಪೆಲೇ ಬೆಟ್ಟದಿಂದ ಇಳಿದ ಬಿಸಿ ಬೂದಿ, ಅನಿಲದ ಮೋಡ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ನಿಮಿಷಗಳಲ್ಲಿ ಕೊಂದಿತು. ಬೆಟ್ಟ ಮೊದಲೇ ಹೊಗೆಯಾಡುತ್ತಿತ್ತು, ಬೂದಿ ಸುರಿಸುತ್ತಿತ್ತು. ಮೋಡ ಹೀಗೆ ಓಡಿಬಂದೀತೆಂಬ ತಿಳಿವಳಿಕೆ ಆಗ ಇರಲಿಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೋ ಸಿಡಿಯುವ ಮುನ್ನ ವಿಜ್ಞಾನಿಗಳು ಲಕ್ಷಣ ಗುರುತಿಸಿದ್ದರಿಂದ ಸಾವಿರಾರು ಜನರನ್ನು ಸಾಗಿಸಿ ಉಳಿಸಲಾಯಿತು. ಪರೀಕ್ಷೆಗೆ ಐದು ಹೆಸರು ಬಾಯಿಪಾಠ ಮಾಡುವ ಮಕ್ಕಳಿಗೆ ಈ ವ್ಯತ್ಯಾಸವನ್ನೂ ಹೇಳಬೇಕು.

ಒಂದು ಬೆಟ್ಟಕ್ಕೆ ಒಂದೇ ಸ್ವಭಾವ ಎಂದೂ ತಿಳಿಯಬಾರದು. ಹವಾಯಿಯ ಶಾಂತ ಕಿಲವೇಯವೇ 1924ರಲ್ಲಿ ಬಂಡೆಗಳನ್ನು ಎಸೆಯುತ್ತಾ ಸಿಡಿಯಿತು. ಅಂತರ್ಜಲ ಕಾದ ಶಿಲೆಗೆ ತಾಗಿ ಆವಿಯಾದದ್ದೇ ಕಾರಣ ಎಂಬುದು ಬಹುಕಾಲದ ವಿವರಣೆ.

ಹಾಗಾದರೆ ಮರಡಿಹಳ್ಳಿಯಲ್ಲಿ ನೀರಿದ್ದೂ ಯಾಕೆ ಸಿಡಿಯಲಿಲ್ಲ? ಆಳದಲ್ಲಿ ಮೇಲಿನ ನೀರಿನ ಭಾರ ಆವಿಯನ್ನು ಹಿಗ್ಗಲು ಬಿಡುವುದಿಲ್ಲ. ಹೊರಬಂದ ಲಾವಾಕ್ಕೆ ತಕ್ಷಣ ಸಿಪ್ಪೆ ಕಟ್ಟುತ್ತದೆ. ಒಳಗಿನ ಬಿಸಿ ರಸ ಸಿಪ್ಪೆ ಸೀಳಿ ಮತ್ತೊಂದು ಉಂಡೆಯಾಗುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. 250 ಕೋಟಿ ವರ್ಷಗಳಷ್ಟು ಹಳೆಯ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗುವ ನಮ್ಮ ಶಾಲೆಗಳ ಬಸ್ಸುಗಳು ಐಮಂಗಲದಲ್ಲಿ ನಿಲ್ಲುವುದು ಚಹಾಕ್ಕಾಗಿ ಮಾತ್ರ!

ಮುಂದಿನ ಸಲ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಸುತ್ತಿಗೆ ಬೇಡ, ಒಂದು ಚೂರೂ ಒಡೆಯಬೇಡಿ. ಪ್ರತಿ ದಿಂಬಿನ ಒಂದು ಬದಿ ದುಂಡಗೆ ಉಬ್ಬಿರುತ್ತದೆ. ಇನ್ನೊಂದು ಬದಿ ಕೆಳಗಿನ ಎರಡು ದಿಂಬುಗಳ ಸಂದಿಗೆ ಮೊನೆಯಾಗಿ ಇಳಿದಿರುತ್ತದೆ. ಆ ಮೊನೆ ಎತ್ತ ತೋರಿಸುತ್ತದೋ ಅತ್ತ ಅಂದಿನ ಕಡಲ ತಳವಿತ್ತು. ಅದನ್ನು ಮಕ್ಕಳೇ ಹುಡುಕಲಿ.