ಮೀಟರ್ ರೂಮಿನ 6000



ಇಂದು ನಿಮ್ಮ ಮನೆಯ ಎಂಸಿಬಿ ಪೆಟ್ಟಿಗೆಯ ಮುಂದಿನ ಬಾಗಿಲನ್ನೊಮ್ಮೆ ತೆರೆದು ನೋಡಿ. ಸ್ಕ್ರೂ ಬಿಚ್ಚಬೇಡಿ, ಬಾಗಿಲು ತೆರೆದರೆ ಸಾಕು. ಸಾಲಾಗಿ ನಿಂತ ಸ್ವಿಚ್ಚುಗಳ ಮೇಲೆ ಸಿ16, ಸಿ32 ಎಂದೆಲ್ಲ ಬರೆದಿರುತ್ತದೆ. ಅದರ ಕೆಳಗೆ ಪುಟ್ಟ ಚೌಕಟ್ಟಿನೊಳಗೆ ಇನ್ನೊಂದು ಸಂಖ್ಯೆ ಇರುತ್ತದೆ: 6000 ಅಥವಾ 10000. ನಾನು ಅದನ್ನು ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಕನ್ನಡ ಬಿ.ಎ. ಮಾಡಿದವರಿಗೆ ಅಷ್ಟು ಮಾಫಿ ಇರಲಿ!

16 ಎಂದರೆ ಆ ಸ್ವಿಚ್ಚು ದಿನನಿತ್ಯ ಹೊರಬಹುದಾದ ಆಂಪಿಯರ್. ಚೌಕಟ್ಟಿನ 6000 ಎಂದರೆ ಶಾರ್ಟ್ ಆದಾಗ ಅದು ಅಪಾಯವಿಲ್ಲದೆ ಕಡಿದುಹಾಕಬಲ್ಲ ಅತಿ ಹೆಚ್ಚಿನ ಕರೆಂಟು.

ಮನೆಗೆ ಆರು ಸಾವಿರ ಆಂಪಿಯರ್ ಎಲ್ಲಿಂದ ಬಂತು ಎನ್ನುತ್ತೀರಾ? ಫೇಸು, ನ್ಯೂಟ್ರಲ್ಲು ಒಂದಕ್ಕೊಂದು ತಾಗಿದವು ಅನ್ನಿ. ಆಗ ಕರೆಂಟನ್ನು ತಡೆಯುವುದು ಟ್ರಾನ್ಸ್‌ಫಾರ್ಮರ್ ಮತ್ತು ನಡುವಿನ ತಂತಿಯ ತಡೆ ಮಾತ್ರ. 230 ವೋಲ್ಟನ್ನು ಆ ತಡೆಯಿಂದ ಭಾಗಿಸಿದರೆ ಹರಿಯಬಹುದಾದ ಕರೆಂಟು ಸಿಗುತ್ತದೆ. ಶಾಲೆಯಲ್ಲಿ ಕಲಿತ ಓಮನ ನಿಯಮವೇ. ಊರ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬಿನ ಬಾಯಲ್ಲಿ ನೀರಿನ ರಭಸ ಹೇಗಿರುತ್ತದೆ, ಕಾಲುವೆಯ ಕೊನೆಯ ಗದ್ದೆಯಲ್ಲಿ ಹೇಗಿರುತ್ತದೆ? ಟ್ರಾನ್ಸ್‌ಫಾರ್ಮರಿಗೆ ಹತ್ತಿರವಾದಷ್ಟೂ ರಭಸ ಹೆಚ್ಚು. 500 ಕೆವಿಎ ಟ್ರಾನ್ಸ್‌ಫಾರ್ಮರಿನ ಬಾಯಲ್ಲೇ ಶಾರ್ಟ್ ಆದರೆ ಸುಮಾರು 15 ಸಾವಿರ ಆಂಪಿಯರ್ ಹರಿಯಬಹುದು.

ಇದೆಲ್ಲ ನನಗೆ ತಿಳಿದದ್ದು ಮುಂಬೈಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಡೆದ ಒಂದು ಪರೀಕ್ಷೆಯಿಂದ. ಮನೆಮನೆಗೂ ಎಸಿ ಬಂದು ಲೋಡ್ ಸಾಲದಾಯಿತು. ರಸ್ತೆಯ ಕೊನೆಯಲ್ಲಿದ್ದ ಹಳೆಯ ಟ್ರಾನ್ಸ್‌ಫಾರ್ಮರಿನ ಬದಲು ನಮ್ಮ ಕಾಂಪೌಂಡಿನೊಳಗೇ ದೊಡ್ಡದೊಂದು ಬಂತು. ದೀಪ ಮಂಕಾಗುವುದು ನಿಂತಿತೆಂದು ಎಲ್ಲರಿಗೂ ಖುಷಿ. ವೈರಿಂಗ್ ತಪಾಸಣೆಗೆ ಬಂದ ಲೈಸೆನ್ಸ್ ಎಲೆಕ್ಟ್ರಿಷಿಯನ್ ಮಾತ್ರ ಮೊದಲು ಹೋದದ್ದು ಮೆಟ್ಟಿಲ ಕೆಳಗಿನ ಮೀಟರ್ ರೂಮಿಗೆ.

ಆತನ ಕೈಯಲ್ಲಿದ್ದದ್ದು ಲೂಪ್ ಟೆಸ್ಟರ್. ಅದು ನಿಜವಾಗಿ ಶಾರ್ಟ್ ಮಾಡಿ ನೋಡುವುದಿಲ್ಲ. ಕ್ಷಣಮಾತ್ರ ಒಂದಿಷ್ಟು ಕರೆಂಟನ್ನು ಎಳೆದು, ವೋಲ್ಟೇಜ್ ಎಷ್ಟು ಕುಸಿಯಿತು ಎಂದು ನೋಡಿ, ದಾರಿಯ ಒಟ್ಟು ತಡೆಯನ್ನು ಲೆಕ್ಕಹಾಕುತ್ತದೆ. ಫೇಸಿನಿಂದ ನ್ಯೂಟ್ರಲ್ಲಿಗೆ ಒಮ್ಮೆ, ಫೇಸಿನಿಂದ ಅರ್ಥಿಂಗಿಗೆ ಇನ್ನೊಮ್ಮೆ ಅಳೆದು, ಎರಡರಲ್ಲಿ ಹೆಚ್ಚಿನ ಕರೆಂಟನ್ನು ಬರೆದುಕೊಳ್ಳುತ್ತಾರೆ. ಅಳೆಯುವುದು ಕರೆಂಟು ಇರುವಾಗಲೇ. ಆದ್ದರಿಂದ ಇದು ನಾವು ನೀವು ಮಾಡುವ ಕೆಲಸವಲ್ಲ.

ಮೀಟರ್ ರೂಮಿನ ರೀಡಿಂಗ್ 0.04 ಓಮ್. ಅಂದರೆ 5750 ಆಂಪಿಯರ್. ಅಲ್ಲಿನ ಎಂಸಿಬಿಗಳ ಮೇಲಿದ್ದದ್ದು 6000. ನಮ್ಮ ಸೆಕ್ರೆಟರಿಯವರು, "ಸರಿ, ಪಾಸಾಯಿತಲ್ಲ!" ಎಂದು ಹೊರಟೇಬಿಟ್ಟರು. ಆತ ತಡೆದ. ಇಷ್ಟು ಕಡಿಮೆ ತಡೆಯನ್ನು ಅಳೆಯುವಾಗ ಮೀಟರಿನ ಕೊನೆಯ ಅಂಕೆಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನಿಜವಾದದ್ದು 0.03 ಆಗಿದ್ದರೆ ಕರೆಂಟು 7667! ಇನ್ನು ಲಿಫ್ಟು, ನೀರಿನ ಪಂಪು ಮೂರು ಫೇಸಿನವು. ಅಲ್ಲಿ ಸಿಂಗಲ್ ಫೇಸಿನ ಅಂಕಿಯನ್ನು ದುಪ್ಪಟ್ಟು ಮಾಡಿ ನೋಡುವುದು ವಾಡಿಕೆ. ಅಂದರೆ 11,500. ಅವುಗಳ ಎಂಸಿಬಿಯೂ 6000 ದ್ದೇ.

ತಾಳಲಾರದ ಕರೆಂಟು ಬಂದರೆ ಎಂಸಿಬಿ ತೆರೆದುಕೊಳ್ಳಲು ಹೋಗುತ್ತದೆ, ಆದರೆ ಒಳಗಿನ ಕಿಡಿಯ ಉರಿ ಆರುವುದಿಲ್ಲ. ಸಂಪರ್ಕದ ತುದಿಗಳು ಕರಗಿ ಬೆಸೆದುಕೊಳ್ಳಬಹುದು, ಪೆಟ್ಟಿಗೆಯೇ ಸಿಡಿಯಬಹುದು. ನಮ್ಮ ಮೀಟರ್ ರೂಮ್ ಇರುವುದು ಮೆಟ್ಟಿಲ ಕೆಳಗೆ. ಏಳು ಮಹಡಿಯ ಜನ ಬೆಂಕಿ ಎಂದು ಓಡಿ ಇಳಿಯಬೇಕಾದದ್ದು ಅದೇ ಮೆಟ್ಟಿಲಲ್ಲಿ.

ಏಳನೆಯ ಮಹಡಿಯ ನಮ್ಮ ಮನೆಯಲ್ಲಿ ಕಥೆಯೇ ಬೇರೆ. ನಡುವೆ ನಲವತ್ತು ಮೀಟರ್ ತಂತಿ, ಹೋಗಿ ಬರುವ ದಾರಿ ಎಂಬತ್ತು. ನಮ್ಮ ಪೆಟ್ಟಿಗೆಯಲ್ಲಿ 0.19 ಓಮ್ ಬಂತು, ಅಂದರೆ ಸುಮಾರು 1200 ಆಂಪಿಯರ್. ಕೆಳಗೆ ಸಾಲದ 6000 ದ ಎಂಸಿಬಿ ಇಲ್ಲಿ ಧಾರಾಳವಾಯಿತು.

ಅಷ್ಟರಲ್ಲಿ ಬಾಲ್ಕನಿಯ ವಾಷಿಂಗ್ ಮೆಷಿನ್ ಪ್ಲಗ್ಗಿನಲ್ಲಿ ಅರ್ಥಿಂಗಿನ ರೀಡಿಂಗ್ 2.3 ಓಮ್ ತೋರಿಸಿತು. ಹರಿಯುವುದು ನೂರೇ ಆಂಪಿಯರ್. ಕಡಿಮೆ ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. ಅಲ್ಲವಂತೆ. ಸಿ16 ಎಂಸಿಬಿ ಖಚಿತವಾಗಿ ತಕ್ಷಣ ಬೀಳಬೇಕಾದರೆ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಬೇಕು. ನೂರಕ್ಕೆ ಅದು ಕೆಲವು ಸೆಕೆಂಡು ತಡೆದು ಬೀಳಬಹುದು. ಅಷ್ಟು ಹೊತ್ತು ಮೆಷಿನ್ನಿನ ತಗಡಿನಲ್ಲಿ ಕರೆಂಟು, ಒದ್ದೆ ನೆಲದ ಮೇಲೆ ಬಟ್ಟೆ ತೆಗೆಯುವವರ ಬರಿಗಾಲು. ಪ್ಲಗ್ಗಿನ ಹಿಂದೆ ಅರ್ಥ್ ತಂತಿಯ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ 0.6 ಓಮಿಗೆ ಇಳಿಯಿತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ನಮ್ಮಲ್ಲಿರಲಿಲ್ಲ. ಅದೇ ವಾರ ಹಾಕಿಸಿದೆವು. ಇದ್ದಿದ್ದರೆ ಅರ್ಥಿಂಗ್ ಇಷ್ಟು ಸಡಿಲವಿದ್ದರೂ ಅದು ಥಟ್ಟನೆ ಬೀಳುತ್ತಿತ್ತು.

ಸೊಸೈಟಿ ಮೀಟಿಂಗಿನಲ್ಲಿ ಖರ್ಚಿನ ಮಾತು ಬಂದೊಡನೆ ಗಲಾಟೆ ಶುರು. "ಇಷ್ಟು ವರ್ಷ ಏನೂ ಆಗಿಲ್ಲವಲ್ಲ?" ಎಂದರು ಹಿರಿಯರೊಬ್ಬರು. ನಿಜ, ಆಗಿರಲಿಲ್ಲ. ಆದರೆ ಇಷ್ಟು ವರ್ಷ ಟ್ರಾನ್ಸ್‌ಫಾರ್ಮರ್ ದೂರವಿತ್ತು, ಉದ್ದದ ಕೇಬಲ್ಲೇ ನಮ್ಮನ್ನು ಕಾಯುತ್ತಿತ್ತು. ಮಂಕು ದೀಪವೆಂದು ಬೈದುಕೊಂಡೆವಲ್ಲ, ಅದೇ ತಡೆ! ಈ ಮಾತು ಅವರಿಗೆ ಹಿಡಿಸಿತು. ಎರಡು ಮೀಟಿಂಗ್ ಬೇಕಾಯಿತು, ಆದರೂ ಒಪ್ಪಿಗೆಯಾಯಿತು. ಮೀಟರ್ ರೂಮಿನ ಸಿಂಗಲ್ ಫೇಸ್ ಎಂಸಿಬಿಗಳು 10000 ದವಾದವು. ಲಿಫ್ಟು, ಪಂಪುಗಳ ಹಿಂದೆ ಎಚ್‌ಆರ್‌ಸಿ ಫ್ಯೂಸ್ ಬಂತು, ಅದೂ ಎಂಸಿಬಿ ಕಂಪನಿಯ ಪಟ್ಟಿಯಲ್ಲಿ ಯಾವ ಫ್ಯೂಸಿಗೆ ಯಾವ ಎಂಸಿಬಿ ಹೊಂದುತ್ತದೆ ಎಂದು ನೋಡಿ.

ಈಗ ಮೀಟರ್ ರೂಮಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ. ಅಳೆದ ತಾರೀಖು, ರೀಡಿಂಗು, ಟ್ರಾನ್ಸ್‌ಫಾರ್ಮರಿನ ಕೆವಿಎ. ಕೆಳಗೆ ಸೆಕ್ರೆಟರಿಯವರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಟ್ರಾನ್ಸ್‌ಫಾರ್ಮರ್ ಅಥವಾ ಮೇನ್ ಕೇಬಲ್ ಬದಲಾದರೆ ಮತ್ತೆ ಅಳೆಸತಕ್ಕದ್ದು.