ಪಾರ್ಸೆಲ್ ಗಾಡಿ ಹತ್ತುವ ಮುನ್ನ



ಗಂಗಾನಗರ, ಆರ್.ಟಿ. ನಗರ, ಸುಲ್ತಾನ್‌ಪಾಳ್ಯದ ರಸ್ತೆಗಳಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು, ಮೊಬೈಲ್ ನೋಡುತ್ತಾ ಮನೆ ನಂಬರು ಹುಡುಕುವ ಹುಡುಗರನ್ನು ನೀವು ದಿನವೂ ಕಾಣುತ್ತೀರಿ. ಅವರಲ್ಲಿ ಕೆಲವರು ನಿಮ್ಮ ಅಣ್ಣಂದಿರು, ಕೆಲವರು ಪಿಯುಸಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂತಿದ್ದವರು. ಅದು ಹಲಾಲ್ ದುಡಿಮೆ. ಅದನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. ಆದರೆ ಸೇರುವ ಮೊದಲು ಕೇಳಬೇಕಾದ್ದನ್ನು ನಮ್ಮ ಹುಡುಗರು ಕೇಳುತ್ತಿಲ್ಲವೆಂಬುದೇ ನನ್ನ ಚಿಂತೆ.

ನೀವು ಯಾರ ನೌಕರರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕಂಪೆನಿಯಾಗಲಿ ಅದರ ಗುತ್ತಿಗೆದಾರನಾಗಲಿ ತಿಂಗಳ ಸಂಬಳ ಕೊಡುವುದಾದರೆ ಭವಿಷ್ಯ ನಿಧಿ, ಇ.ಎಸ್.ಐ. ಬಗ್ಗೆ ಕೇಳಿ. 2019ರ ಜುಲೈನಲ್ಲಿ ಇಳಿಸಿದ ದರದಂತೆ ಇ.ಎಸ್.ಐ.ಗೆ ನೌಕರನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಪಾರ್ಸೆಲ್ ಲೆಕ್ಕದಲ್ಲಿ ಹಣ ಕೊಟ್ಟು ನಿಮ್ಮನ್ನು ‘ಪಾರ್ಟ್‌ನರ್’ ಎಂದು ಕರೆದರೆ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಪಾರ್ಟ್‌ನರ್ ಎಂದರೆ ಲಾಭದಲ್ಲಿ ಪಾಲಿರಬೇಕಲ್ಲವೇ? ಇಲ್ಲಿ ಪಾಲು ಸಿಗುವುದು ಪೆಟ್ರೋಲ್ ಖರ್ಚಿನಲ್ಲಿ!

ಇಂಥವರಿಗಾಗಿ 2023ರಲ್ಲಿ ರಾಜಸ್ಥಾನವೂ 2025ರಲ್ಲಿ ಕರ್ನಾಟಕವೂ ಕಾಯ್ದೆ ತಂದವು. ನಮ್ಮ ಕಾಯ್ದೆಯ ಪ್ರಕಾರ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರಹದಲ್ಲಿ ಕೊಟ್ಟು 14 ದಿನ ಮುಂಚೆ ತಿಳಿಸಬೇಕು. ಬೆಳಗ್ಗೆ ಆ್ಯಪ್ ತೆರೆದಾಗ ಐಡಿ ಬಂದ್ ಆಗಿರುವುದನ್ನು ಕಂಡ ಹುಡುಗನಿಗೆ ಇದು ಸಣ್ಣ ಮಾತಲ್ಲ. ಅದಕ್ಕೂ ಮುಂಚೆ, 2023ರಲ್ಲಿ, ರಾಜ್ಯ ಸರ್ಕಾರ 2 ಲಕ್ಷ ರೂ. ಜೀವ ವಿಮೆ ಮತ್ತು 2 ಲಕ್ಷ ರೂ. ಅಪಘಾತ ವಿಮೆಯ ಯೋಜನೆ ಪ್ರಕಟಿಸಿತು. ಹೆಸರು ನೋಂದಾಯಿಸದಿದ್ದರೆ ಇದಾವುದೂ ಕೈಗೆ ಬಾರದು.

ಇನ್ನು ಗಾಡಿ. ಮನೆಯ ಬೈಕಿನ ಖಾಸಗಿ ವಿಮೆಯಲ್ಲಿ ಬಾಡಿಗೆ ಕೆಲಸಕ್ಕೆ, ಸರಕು ಸಾಗಣೆಗೆ ಬಳಸಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಬಳ್ಳಾರಿ ರಸ್ತೆಯಲ್ಲೋ ಮೇಖ್ರಿ ಸರ್ಕಲ್ಲಿನಲ್ಲೋ ಪಾರ್ಸೆಲ್ ಹೊತ್ತು ಬಿದ್ದರೆ ಕ್ಲೇಮು ತಳ್ಳಿಹಾಕಲು ಈ ಒಂದು ಸಾಲು ಸಾಕು. ಪಾಲಿಸಿಯನ್ನು ತಂದೆಯವರ ಜೊತೆ ಕೂತು ಇಂದೇ ಓದಿ. ಸಣ್ಣ ಸರಕು ಗಾಡಿ ಓಡಿಸುವವರಿಗೆ ಒಂದು ಸಮಾಧಾನವಿದೆ: 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಎಲ್.ಎಂ.ವಿ. ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಕೈಗೆ ಬಂದ ಹಣವೆಲ್ಲ ಸಂಪಾದನೆಯಲ್ಲ. ಪೆಟ್ರೋಲ್, ಟೈರು, ಸರ್ವಿಸ್, ಗಾಡಿಯ ಕಂತು, ಕ್ಯಾಶ್ ಆನ್ ಡೆಲಿವರಿಯಲ್ಲಿ ಕಡಿಮೆ ಬಿದ್ದ ನೋಟು, ಇವನ್ನೆಲ್ಲ ಕಳೆದು ಉಳಿದದ್ದನ್ನು ದುಡಿದ ಗಂಟೆಗಳಿಂದ ಭಾಗಿಸಿ ನೋಡಿ. ಹಾಗೆ ಲೆಕ್ಕ ಹಾಕಿದ ಮೇಲೂ ಮನೆಯ ಪರಿಸ್ಥಿತಿಯಿಂದ ಸೇರಲೇಬೇಕಾದರೆ ಸೇರಿ. ಓದನ್ನು ಮಾತ್ರ ಬಿಡಬೇಡಿ. ಸಂಜೆ ಕಾಲೇಜುಗಳಿವೆ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ.

ಇ-ಶ್ರಮ್ ನೋಂದಣಿಗೆ ಬೇಕಾದ್ದು ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಮತ್ತು ಬ್ಯಾಂಕ್ ಖಾತೆ. ಇವನ್ನು ತಂದವರು ಸಭೆ ಮುಗಿದ ಮೇಲೆ ಉಳಿಯಿರಿ, ಇಲ್ಲೇ ಮಾಡಿಕೊಡೋಣ.